ನಿಖಿಲನ ತಲೆಗೆ ಏನೂ ಆಗೋದಿಲ್ಲ, ಅಮ್ಮ

ಅಟ್ಲಾಂಟಾ
ಅಕ್ಟೋಬರ್ 2025

ಅಮ್ಮ, ಅಪ್ಪ ಇಬ್ಬರಿಗೂ ನಮಸ್ಕಾರ. ನಾವೆಲ್ಲ ಕ್ಷೇಮ. ಶೈಲಕ್ಕ ಕಳಿಸಿದ ಹುಳಿಪುಡಿ, ಚಟ್ನಿಪುಡಿ ಎರಡೂ ತಲುಪಿದವು.

ಇನ್ನು ನಿನ್ನ ಕಾಗದದ ವಿಷಯ. ನಿಮ್ಮ ಮೊಮ್ಮಗ ನಿಖಿಲ ಅಮೆರಿಕನ್ ಫುಟ್‌ಬಾಲಿನ ಹೆಲ್ಮೆಟ್ ಹಾಕಿಕೊಂಡ ಫೋಟೋ ನೋಡಿದಾಗಿನಿಂದ ನಿನಗೆ ನಿದ್ದೆ ಇಲ್ಲವಂತೆ. ಅಪ್ಪ ಬೇರೆ ಯೂಟ್ಯೂಬಿನಲ್ಲಿ ಹುಡುಕಿ, ತಲೆಗೆ ತಲೆ ಗುದ್ದಿಕೊಂಡು ಬಿದ್ದವರನ್ನು ಸ್ಟ್ರೆಚರಿನ ಮೇಲೆ ಹೊತ್ತೊಯ್ಯುವುದನ್ನು ತೋರಿಸಿದರಂತೆ. ಭಾವ "ಚೆಂಡು ಒದೆಯೋಕೆ ಅಮೆರಿಕಕ್ಕೇ ಹೋಗಬೇಕಿತ್ತಾ" ಅಂದರಂತೆ. ಭಾವನಿಗೆ ಉತ್ತರ ಕೆಳಗಿದೆ, ಓದಿ ಹೇಳು. ಅದಕ್ಕೂ ಮೊದಲು ನೀನು ಧರ್ಮಸ್ಥಳಕ್ಕೆ ಹರಕೆ ಹೊರುವುದನ್ನು ನಿಲ್ಲಿಸು. ಈಗಾಗಲೇ ಹೊತ್ತಿದ್ದರೆ ಇರಲಿ ಬಿಡು.

ಅಪ್ಪ ನೋಡಿದ್ದು ಸುಳ್ಳೇನಲ್ಲ. ಆ ಆಟದಲ್ಲಿ ತಲೆಗೆ ಪೆಟ್ಟು ಬೀಳುತ್ತದೆ, ಇಲ್ಲಿನ ತಾಯಂದಿರೂ ಅದಕ್ಕೇ ಹೆದರುತ್ತಾರೆ. ಆದರೆ ಅದು ಮುಂದಿನ ಸಾಲಿನಲ್ಲಿ ನಿಂತು ಪ್ರತಿ ಸಲವೂ ಎದುರಾಳಿಗೆ ಡಿಕ್ಕಿ ಹೊಡೆಯುವವರ ಪಾಡು, ಚೆಂಡು ಹಿಡಿದು ಓಡುವವರ ಪಾಡು. ನಿಖಿಲ ಕಿಕ್ಕರ್. ತಂಡ ಚೆಂಡನ್ನು ಮುಂದಕ್ಕೆ ಸಾಗಿಸುತ್ತಾ ಹೋಗಿ ಅಂಕದ ಗೆರೆ ದಾಟಿದರೆ 6 ಅಂಕ, ಆಮೇಲೆ ಕಂಬಗಳ ನಡುವೆ ಒದ್ದರೆ ಇನ್ನೊಂದು. ಗೆರೆ ಮುಟ್ಟಲಾಗದೆ ನಡುವೆ ಸಿಕ್ಕಿಬಿದ್ದರೆ ಅಲ್ಲಿಂದಲೇ ಕಂಬಗಳ ನಡುವೆ ಒದೆಯುತ್ತಾರೆ, ಅದು ಫೀಲ್ಡ್ ಗೋಲ್, ಅದಕ್ಕೆ 3 ಅಂಕ. ಒದೆಯುವ ಕೆಲಸ ಮಾತ್ರ ಇವನದು. ಉಳಿದ ಹೊತ್ತೆಲ್ಲ ಗೆರೆಯಾಚೆ ನಿಂತು ಒಂದು ಬಲೆಗೆ ಚೆಂಡು ಒದೆಯುತ್ತಾ ಕಾಲು ಬಿಸಿ ಇಟ್ಟುಕೊಂಡಿರುತ್ತಾನೆ. ಫೋಟೋದಲ್ಲಿ ಹೆಲ್ಮೆಟ್ಟಿನ ಮುಂದೆ ಕಂಬಿ ಕಡಿಮೆ ಇದೆಯಲ್ಲ, ಚೆಂಡು ಸರಿಯಾಗಿ ಕಾಣಲಿ ಅಂತ.

ಅವನನ್ನು ಮುಟ್ಟಬಾರದು ಅಂತ ನಿಯಮವೇ ಇದೆ. ಒದ್ದ ಮೇಲೆ ಕಿಕ್ಕರಿಗೆ ತಗಲಿ ಅವನನ್ನು ಕದಲಿಸಿದರೂ ಎದುರಾಳಿಗೆ 5 ಗಜ ದಂಡ. ಜೋರಾಗಿ ಗುದ್ದಿದರೆ 15 ಗಜ, ಜೊತೆಗೆ ಚೆಂಡು ಮತ್ತೆ ಇವರದೇ. ಅಪಾಯ ಇರುವುದು ಒಂದೇ ಕಡೆ, ಕಿಕ್‌ಆಫ್‌ನಲ್ಲಿ, ಅಂದರೆ ಚೆಂಡನ್ನು ಎದುರಾಳಿಯ ಕಡೆಗೆ ಒದ್ದು ಆಟ ಶುರುಮಾಡುವಾಗ. ಇವನು ದೂರಕ್ಕೆ ಒದ್ದ ಚೆಂಡನ್ನು ಹಿಡಿದವನು ಉಳಿದ ಹತ್ತೂ ಜನರನ್ನು ತಪ್ಪಿಸಿಕೊಂಡು ಬಂದರೆ ಕೊನೆಗೆ ಎದುರಿಗಿರುವವನು ಕಿಕ್ಕರ್. ಇವನಿಗೆ ಕೋಚ್ ಹೇಳಿಕೊಟ್ಟಿರುವುದಿಷ್ಟೇ: ಎದುರು ಹೋಗಿ ಗುದ್ದಬೇಡ, ಅವನನ್ನು ಪಕ್ಕದ ಗೆರೆಯ ಕಡೆಗೆ ಒತ್ತು, ಅವನೇ ಆಚೆ ಹೋಗುತ್ತಾನೆ. ಇವನು ಒದ್ದ ಚೆಂಡು ಹೆಚ್ಚಾಗಿ ಅಂಕದ ಗೆರೆ ದಾಟುತ್ತದೆ. ಹೈಸ್ಕೂಲಿನಲ್ಲಿ ಹಾಗೆ ದಾಟಿತೆಂದರೆ ಆಟ ಅಲ್ಲಿಗೇ ನಿಂತಿತು, ಯಾರೂ ಓಡಿ ಬರುವುದಿಲ್ಲ. ಆದ್ದರಿಂದ ದೂರ ಒದೆಯುವುದೇ ಅವನ ರಕ್ಷಣೆ.

ಅಪ್ಪನಿಗೆ ಲೆಕ್ಕ ಬೇಕಲ್ಲ, ಬರೆಯುತ್ತೇನೆ. ಕಂಬಗಳು ಮೈದಾನದ ತುದಿಯಲ್ಲಿ, ಅಂಕದ ಗೆರೆಯಿಂದ 10 ಗಜ ಹಿಂದೆ ಇವೆ. ಚೆಂಡನ್ನು ಆಟದ ಜಾಗದಿಂದ ಇನ್ನೂ 7 ಗಜ ಹಿಂದಕ್ಕೆ ಎಸೆದು, ಅಲ್ಲಿ ಇಟ್ಟು ಒದೆಯುತ್ತಾರೆ. ಅಂದರೆ ಆಟ ಅಂಕದ ಗೆರೆಯಿಂದ 25 ಗಜ ದೂರದಲ್ಲಿ ನಿಂತಿದ್ದರೆ ಒದೆತ 42 ಗಜದ್ದು. ಅಡ್ಡಪಟ್ಟಿ ನೆಲದಿಂದ 10 ಅಡಿ ಎತ್ತರ. ಹೈಸ್ಕೂಲಿನಲ್ಲಿ ಕಂಬಗಳ ನಡುವೆ 23 ಅಡಿ 4 ಇಂಚು, ಕಾಲೇಜಿನಲ್ಲೂ ವೃತ್ತಿ ತಂಡಗಳಲ್ಲೂ ಬರೀ 18 ಅಡಿ 6 ಇಂಚು. ಹೈಸ್ಕೂಲಿನಲ್ಲಿ ಎರಡು ಇಂಚಿನ ರಬ್ಬರ್ ಮಣೆಯ ಮೇಲಿಟ್ಟು ಒದೆಯಬಹುದು, ಕಾಲೇಜಿನಲ್ಲಿ ನೆಲದಿಂದಲೇ. ಹೈಸ್ಕೂಲಿನಲ್ಲಿ ಮಿಂಚಿದ ಹುಡುಗರು ಕಾಲೇಜಿನಲ್ಲಿ ಎಡವುವುದಕ್ಕೆ ಈ ಎರಡೇ ಸಾಕು. ಮಣೆಗೆ ಒಗ್ಗಿದ ಕಾಲು ನೆಲದ ಚೆಂಡಿನ ಹೊಟ್ಟೆಗೆ ಹೊಡೆಯುತ್ತದೆ, ಚೆಂಡು ಎದ್ದೇಳುವುದಿಲ್ಲ, ಮುಂದೆ ಕೈಯೆತ್ತಿ ನಿಂತವನ ಅಂಗೈಗೆ ಹೋಗಿ ಬಡಿಯುತ್ತದೆ. ನಿಖಿಲನ ಮಣೆಯನ್ನು ಈ ಬೇಸಿಗೆಯಲ್ಲೇ ಕಸಿದುಕೊಂಡಿದ್ದಾರೆ.

ಒದೆಯುವ ಕೆಲಸಕ್ಕೆ ಮೂವರು ಬೇಕು. ಒಬ್ಬ ಬಗ್ಗಿ ಕಾಲ ಸಂದಿನಿಂದ ಹಿಂದಕ್ಕೆ ಎಸೆಯುವವನು, ಅವನು ಸ್ನ್ಯಾಪರ್. ಮಂಡಿಯೂರಿ ಹಿಡಿದು, ಚೆಂಡಿನ ತುದಿಯನ್ನು ನೆಲಕ್ಕೂರಿ, ಅದರ ಹೊಲಿಗೆಯ ಲೇಸು ಕಂಬದ ಕಡೆ ತಿರುಗುವಂತೆ ಬೆರಳಲ್ಲಿ ತಿರುಗಿಸುವವನು ಹೋಲ್ಡರ್. ಆಮೇಲೆ ಇವನು. ಚೆಂಡು ಕೈಬಿಟ್ಟಲ್ಲಿಂದ ಒದೆತದವರೆಗೆ ಸುಮಾರು 1.3 ಸೆಕೆಂಡು. ಅದಕ್ಕಿಂತ ತಡವಾದರೆ ಪಕ್ಕದಿಂದ ಓಡಿ ಬರುವವನ ಕೈ ಚೆಂಡಿಗೆ ಸಿಗುತ್ತದೆ. ಲೇಸು ಇವನ ಕಡೆಗೇ ಉಳಿದರೆ ಕಾಲು ಉಬ್ಬಿದ ಜಾಗಕ್ಕೆ ತಗಲಿ ಚೆಂಡು ಎತ್ತೆತ್ತಲೋ ಹೋಗುತ್ತದೆ. ಆಗಲೂ ಬೈಗುಳ ಕಿಕ್ಕರಿಗೇ. ಹೋಲ್ಡರನ ಹೆಸರು ಯಾರಿಗೂ ನೆನಪಿರುವುದಿಲ್ಲ.

ಬಲಗಾಲಿನವನು ಚೆಂಡಿನ ಜಾಗದಿಂದ ಮೂರು ಹೆಜ್ಜೆ ನೇರ ಹಿಂದೆ, ಎರಡು ಹೆಜ್ಜೆ ಎಡಕ್ಕೆ ಅಳೆದು ನಿಲ್ಲುತ್ತಾನೆ. ಒಂದು ಸಣ್ಣ ಹೆಜ್ಜೆ, ಒಂದು ದೊಡ್ಡದು, ಆಮೇಲೆ ಎಡಗಾಲು ಚೆಂಡಿನ ಪಕ್ಕದಲ್ಲಿ ಒಂದು ಗೇಣಿಗಿಂತ ತುಸು ಕಡಿಮೆ ದೂರಕ್ಕೆ ಊರಬೇಕು, ಬೆರಳು ಕಂಬದ ಕಡೆ. ಎಲ್ಲ ಇರುವುದು ಆ ಊರುಗಾಲಿನಲ್ಲೇ. ಅದು ಹಿಂದಾದರೆ ಚೆಂಡು ಬರೀ ಮೇಲಕ್ಕೆ ಹೋಗಿ ದೂರ ಸಾಲದು. ಮುಂದಾದರೆ ಚೆಂಡು ತಗ್ಗಾಗಿ ಹೋಗಿ ಎದುರಿನವರ ಕೈಗೆ ಬಡಿಯುತ್ತದೆ. ಕಣಕಾಲಿನ ಕೀಲನ್ನು ಬಿಗಿಹಿಡಿದು, ಪಾದದ ಮೇಲಿನ ಗಟ್ಟಿ ಮೂಳೆಯಿಂದ ಚೆಂಡಿನ ನಡುಭಾಗಕ್ಕಿಂತ ತುಸು ಕೆಳಗೆ ಹೊಡೆಯಬೇಕು, ಕಣ್ಣು ಅಲ್ಲೇ ಇರಬೇಕು. ಸೊಂಟ ಪೂರ್ತಿ ತಿರುಗದಿದ್ದರೆ ಚೆಂಡು ಬಲಕ್ಕೆ, ಕಾಲು ಮೈಗೆ ಅಡ್ಡವಾಗಿ ಬೀಸಿದರೆ ಎಡಕ್ಕೆ. ಚಳಿಗಾಲದಲ್ಲಿ ಚೆಂಡು ಗಟ್ಟಿಯಾಗುತ್ತದೆ, ಗಾಳಿಯೂ ದಪ್ಪ, ಅದೇ ಕಾಲಿಗೆ ಕೆಲವು ಗಜ ಕಡಿಮೆ.

ನೀನು ಹೆದರಬೇಕಾದದ್ದು ಏನಾದರೂ ಇದ್ದರೆ ತಲೆಗಲ್ಲ, ತೊಡೆಸಂದಿಗೆ. ಕಿಕ್ಕರುಗಳು ಹಾಳಾಗುವುದು ಅತಿಯಾಗಿ ಒದ್ದು. ತೊಡೆಸಂದಿನ ಸ್ನಾಯು, ಸೊಂಟದ ಮುಂಭಾಗ, ಊರುಗಾಲಿನ ಮಂಡಿ, ಆಮೇಲೆ ಬೆನ್ನು. ಹದಿನಾರರ ಹುಡುಗರು ಒಂದು ತಪ್ಪಿದರೆ ಹತ್ತು ಒದೆಯುತ್ತಾರೆ, ನೋವು ಶುರುವಾಗುವುದೇ ಅಲ್ಲಿಂದ. ಅದಕ್ಕೇ ಇವನಿಗೆ ವಾರಕ್ಕೆ ಮೂರೇ ದಿನ, ದಿನಕ್ಕೆ ನಲವತ್ತರ ಒಳಗೆ, ಕಿಕ್‌ಆಫ್ ಸೇರಿ. ಮೊದಲು ನಿಂತಲ್ಲಿಂದಲೇ ಒದೆತ, ಆಮೇಲೆ ಒಂದು ಹೆಜ್ಜೆ, ಆಮೇಲೆ ಪೂರ್ತಿ. ಪಂದ್ಯದ ಹಿಂದಿನ ದಿನ ಬರೀ ಹೆಜ್ಜೆ ಅಳೆಯುವುದು. ಎಣಿಕೆ ಬರೆದಿಡಲು ಒಂದು ಪುಸ್ತಕ ಫ್ರಿಜ್ಜಿನ ಮೇಲಿದೆ. ನಲವತ್ತಾದ ಮೇಲೆ ಸುಮಾ ಚೆಂಡುಗಳನ್ನು ಕಾರಿನ ಡಿಕ್ಕಿಗೆ ಹಾಕಿ ಬೀಗ ಹಾಕುತ್ತಾಳೆ.

ಇನ್ನು ಭಾವನಿಗೆ. ಈಗ ಎಲ್ಲರೂ ಒದೆಯುವ ಈ ಪದ್ಧತಿಯನ್ನು ಅಮೆರಿಕದ ಆಟಕ್ಕೆ ತಂದವರೇ ಹೊರಗಿನಿಂದ ಬಂದವರು. ಮೊದಲೆಲ್ಲ ನೇರ ಓಡಿಬಂದು ಬೂಟಿನ ತುದಿಯಿಂದ ಒದೆಯುತ್ತಿದ್ದರು. 1956ರ ದಂಗೆಯ ಸಮಯದಲ್ಲಿ ಹಂಗೇರಿ ಬಿಟ್ಟು ಬಂದ ಕುಟುಂಬದ ಪೀಟ್ ಗೋಗೊಲಾಕ್ ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಓದಿ, 1964ರಲ್ಲಿ ಬಫಲೋ ಬಿಲ್ಸ್ ತಂಡ ಸೇರಿ, ಸಾಕರ್‌ನವರ, ಅಂದರೆ ನಮ್ಮ ಕಡೆಯ ಫುಟ್‌ಬಾಲಿನವರ ಹಾಗೆ ಓರೆಯಾಗಿ ಬಂದು ಪಾದದ ಮೇಲ್ಭಾಗದಿಂದ ಒದ್ದ. ಅವನ ಬೆನ್ನಿಗೇ ನಾರ್ವೆಯ ಯಾನ್ ಸ್ಟೆನೆರುಡ್. ಅವನು ಬಂದದ್ದು ಮಾಂಟಾನಾದಲ್ಲಿ ಸ್ಕೀ ಜಿಗಿತದ ಸ್ಕಾಲರ್‌ಶಿಪ್ ಮೇಲೆ. ಅವನು ಒದೆಯುವುದನ್ನು ಗಮನಿಸಿದ್ದು ಅಲ್ಲಿನ ಬಾಸ್ಕೆಟ್‌ಬಾಲ್ ಕೋಚ್! 1991ರಲ್ಲಿ ಈ ಆಟದ ದಿಗ್ಗಜರ ಸಾಲಾದ ಹಾಲ್ ಆಫ್ ಫೇಮ್ ಸೇರಿದ, ಬರೀ ಕಿಕ್ಕರ್ ಆಗಿದ್ದು ಆ ಗೌರವ ಪಡೆದವರಲ್ಲಿ ಮೊದಲಿಗ. ಸೈಪ್ರಸ್‌ನ ಗಾರೊ ಯೆಪ್ರೆಮಿಯನ್ 1966ರಲ್ಲಿ ಒಂದೇ ಪಂದ್ಯದಲ್ಲಿ ಆರು ಫೀಲ್ಡ್ ಗೋಲ್ ಹೊಡೆದ. ಡೆನ್ಮಾರ್ಕಿನ ಮಾರ್ಟನ್ ಆಂಡರ್ಸನ್ 1977ರಲ್ಲಿ ಇಂಡಿಯಾನಾಪೊಲಿಸ್ಸಿಗೆ ಶಾಲಾ ವಿನಿಮಯದಲ್ಲಿ ಬಂದವನು, 25 ಸೀಸನ್ ಆಡಿ 47ನೇ ವಯಸ್ಸಿನವರೆಗೆ ಒದೆಯುತ್ತಿದ್ದ. ಮುಂದಿನ ಸಾಲಿನಲ್ಲಿ ಗುದ್ದಾಡುವವರಿಗೆ ಅಷ್ಟು ಆಯುಸ್ಸಿಲ್ಲ. ಇದನ್ನು ಅಪ್ಪನಿಗೆ ಎರಡು ಸಲ ಓದಿ ಹೇಳು.

ನಿಖಿಲನ ಕೋಣೆಯ ಗೋಡೆಯ ಮೇಲಿರುವ ಫೋಟೋ ಯಂಗ್‌ಹೊ ಕೂ ಅನ್ನುವವನದು. ದಕ್ಷಿಣ ಕೊರಿಯಾದ ಸೋಲ್‌ನಲ್ಲಿ ಹುಟ್ಟಿದವನು, 12ನೇ ವಯಸ್ಸಿಗೆ ನ್ಯೂಜೆರ್ಸಿಗೆ ಬಂದ. ಇಂಗ್ಲಿಷ್ ಬರುತ್ತಿರಲಿಲ್ಲ, ಸಾಕರ್ ಬರುತ್ತಿತ್ತು. ನಮ್ಮ ರಾಜ್ಯದ್ದೇ ಆದ ಜಾರ್ಜಿಯಾ ಸದರ್ನ್ ವಿಶ್ವವಿದ್ಯಾಲಯದಲ್ಲಿ 2016ರಲ್ಲಿ 20 ಫೀಲ್ಡ್ ಗೋಲಿಗೆ 19 ಹೊಡೆದ. 2017ರಲ್ಲಿ ಲಾಸ್ ಏಂಜಲೀಸಿನ ಚಾರ್ಜರ್ಸ್ ತಂಡ. ಮೊದಲ ಪಂದ್ಯ ಡೆನ್ವರಿನಲ್ಲಿ, ಸಮ ಮಾಡಲು ಕೊನೆಯ ಗಳಿಗೆಯಲ್ಲಿ 44 ಗಜ. ಒದ್ದ, ಒಳಗೆ ಹೋಯಿತು. ಆದರೆ ಎದುರಾಳಿ ಕೋಚ್ ಅದಕ್ಕೆ ಮೊದಲೇ ಟೈಮ್‌ಔಟ್, ಅಂದರೆ ಆಟಕ್ಕೆ ಬಿಡುವು ಕೇಳಿಬಿಟ್ಟಿದ್ದ, ಹಾಗಾಗಿ ಅದು ಲೆಕ್ಕಕ್ಕಿಲ್ಲ. ಇಲ್ಲಿ ಅದೊಂದು ಪದ್ಧತಿ, ಕಿಕ್ಕರ್ ಎರಡು ನಿಮಿಷ ನಿಂತು ಯೋಚಿಸಿ ಕಂಗೆಡಲಿ ಅಂತ, ಅದು ತಪ್ಪಲ್ಲವಂತೆ! ಎರಡನೇ ಸಲ ಒದ್ದದ್ದನ್ನು ತಡೆದರು. ಮುಂದಿನ ವಾರ ಮಯಾಮಿ ವಿರುದ್ಧ ಕೊನೆಗೆ ಮತ್ತೆ 44 ಗಜ, ಹೊರಗೆ. ನಾಲ್ಕು ಪಂದ್ಯ ಆಗುತ್ತಲೇ ತಂಡದಿಂದ ತೆಗೆದು ಮನೆಗೆ ಕಳಿಸಿದರು.

ಮುಂದಿನ ವರ್ಷ ಯಾವ ತಂಡವೂ ಕರೆಯಲಿಲ್ಲ. 2019ರಲ್ಲಿ ಹೊಸದಾಗಿ ಶುರುವಾಗಿ ಅದೇ ವಸಂತದಲ್ಲಿ ಮುಚ್ಚಿಹೋದ ಒಂದು ಸಣ್ಣ ಲೀಗಿನಲ್ಲಿ 14ಕ್ಕೆ 14 ಹೊಡೆದ. ಅಕ್ಟೋಬರ್ ಕೊನೆಗೆ ನಮ್ಮ ಅಟ್ಲಾಂಟಾದ ಫಾಲ್ಕನ್ಸ್ ತಂಡ ಕರೆಯಿತು. ಮೊದಲ ಪಂದ್ಯದಲ್ಲೇ ನ್ಯೂ ಓರ್ಲಿಯನ್ಸಿನಲ್ಲಿ ನಾಲ್ಕಕ್ಕೆ ನಾಲ್ಕು. 2020ರಲ್ಲಿ 39ಕ್ಕೆ 37, ಒಟ್ಟು 144 ಅಂಕ, ಇಡೀ ಲೀಗಿನಲ್ಲಿ ಅದಕ್ಕಿಂತ ಹೆಚ್ಚು ಯಾರದೂ ಇಲ್ಲ. 2022ರಲ್ಲಿ ಐದು ವರ್ಷಕ್ಕೆ 2 ಕೋಟಿ 42 ಲಕ್ಷ 50 ಸಾವಿರ ಡಾಲರಿನ ಒಪ್ಪಂದ. 2025ರ ಸೆಪ್ಟೆಂಬರಿನಲ್ಲಿ ಸೀಸನ್ನಿನ ಮೊದಲ ಪಂದ್ಯ, ಟ್ಯಾಂಪಾ ವಿರುದ್ಧ, ಸಮ ಮಾಡಲು ಕೊನೆಯ ಒದೆತ. ಎಷ್ಟು ಗಜ ಅಂತೀಯ? 44. ಹೊರಗೆ ಹೋಯಿತು. ಮುಂದಿನ ವಾರವೇ ಬೇರೆಯವನು ಒದ್ದ, ಇವನನ್ನು ಕೈಬಿಟ್ಟರು. ಅವನ ಜಾತಕದಲ್ಲಿ ಆ ಸಂಖ್ಯೆ ಎಲ್ಲಿ ಕೂತಿದೆಯೋ, ನಮ್ಮ ಶಾಸ್ತ್ರಿಗಳನ್ನೇ ಕೇಳಬೇಕು.

ಇದನ್ನು ಮುಚ್ಚಿಡದೆ ಬರೆದದ್ದು, ನಿಖಿಲನಿಗೂ ನಾನು ಹೇಳಿರುವುದು ಇದನ್ನೇ ಅಂತ. ಈ ಕೆಲಸ ಮದುವೆಮನೆಯ ಅಡುಗೆಭಟ್ಟರದು. ಊಟ ಚೆನ್ನಾಗಿದ್ದರೆ ಯಾರೂ ಕೇಳುವುದಿಲ್ಲ, ಉಪ್ಪು ಹೆಚ್ಚಾದ ದಿನ ಎಲ್ಲರೂ ಒಳಗೆ ಬಂದು ಹುಡುಕುತ್ತಾರೆ. ವೃತ್ತಿ ಲೀಗಿನಲ್ಲಿ ಇರುವುದು 32 ತಂಡ, ತಂಡಕ್ಕೆ ಒಬ್ಬನೇ ಕಿಕ್ಕರ್. ಹೊಸಬನಿಗೆ 2025ರಲ್ಲಿ ಕನಿಷ್ಠ 8 ಲಕ್ಷ 40 ಸಾವಿರ ಡಾಲರ್ ಇತ್ತು ಅನ್ನುವುದು ನಿಜ, ಆದರೆ ಅದು ಸೀಸನ್ ಪೂರ್ತಿ ಉಳಿದವನಿಗೆ. ಸಂಬಳ ವಾರದ ಲೆಕ್ಕ, ನಡುವೆ ತೆಗೆದರೆ ಅಲ್ಲಿಗೆ ನಿಂತಿತು. ಅದನ್ನು ನಂಬಿ ಮನೆ ಕಟ್ಟುವ ಯೋಚನೆ ನನಗಿಲ್ಲ, ಅವನಿಗೂ ಬೇಡ.

ಕಾಲೇಜಿನ ಫೀಸು ಉಳಿದೀತು ಅಂತ ಶೈಲಕ್ಕ ಅಂದುಕೊಂಡಿದ್ದಾಳೆ. ಅದೂ ಗ್ಯಾರಂಟಿ ಇಲ್ಲ. ಎಷ್ಟೋ ಕಾಲೇಜುಗಳು ಕಿಕ್ಕರನ್ನು ಮೊದಲು ಸ್ವಂತ ಖರ್ಚಿನ ಮೇಲೆ ಸೇರಿಸಿಕೊಂಡು, ಒಂದೆರಡು ವರ್ಷ ನೋಡಿ ಆಮೇಲೆ ಸ್ಕಾಲರ್‌ಶಿಪ್ ಕೊಡುತ್ತವೆ. ಅದಕ್ಕೆ ಗಣಿತದಲ್ಲಿ ಮಾರ್ಕ್ಸ್ ಇಳಿದರೆ ಬೂಟು ಅಟ್ಟಕ್ಕೆ ಅಂತ ಕರಾರಾಗಿದೆ. ಕಿಕ್ಕಿಂಗ್ ಕ್ಯಾಂಪು ಅಂತ ಊರೂರಿಗೆ ದುಡ್ಡು ಸುರಿಯುವ ಅಪ್ಪಂದಿರು ಇಲ್ಲಿ ಬೇಕಾದಷ್ಟಿದ್ದಾರೆ, ಅಲ್ಲಿ ಹುಡುಗರಿಗೆ ನಕ್ಷತ್ರದ ರೇಟಿಂಗ್ ಕೊಟ್ಟು ಕಳಿಸುತ್ತಾರೆ. ನನ್ನ ಲೆಕ್ಕದಲ್ಲಿ ಕಾಲೇಜಿನ ಸ್ವಂತ ಮೈದಾನದಲ್ಲಿ, ಅವರ ಕೋಚ್ ಎದುರೇ ನಡೆಯುವ ಒಂದು ಕ್ಯಾಂಪು ಸಾಕು. ಖರ್ಚು ಅಂದರೆ ಚೆಂಡು, ಒಂದಕ್ಕೆ ನೂರು ಡಾಲರಿನ ಆಸುಪಾಸು, ಆಮೇಲೆ ಬೂಟು. ಒದೆಯುವ ಕಾಲಿಗೆ ಒಂದು ಸೈಜು ಚಿಕ್ಕದು ಬೇಕು ಅಂತಾನೆ, ಚೆಂಡು ತಗಲಿದ್ದು ಗೊತ್ತಾಗಲಿ ಅಂತ. ಹಾಗಾಗಿ ಒಂದು ಜೊತೆಗೆ ಎರಡು ಜೊತೆ ಕೊಳ್ಳಬೇಕು. ಉಳಿದ ಎರಡು ಬೂಟು ಏನು ಮಾಡೋದು ಅಂತ ಸುಮಾ ಕೇಳುತ್ತಲೇ ಇದ್ದಾಳೆ.

ಶುಕ್ರವಾರದ ರಾತ್ರಿ ಇಲ್ಲಿ ಶಾಲೆಯ ಪಂದ್ಯ ಅಂದರೆ ಇಡೀ ಊರಿಗೆ ಊರೇ ಬರುತ್ತದೆ. ಬ್ಯಾಂಡು, ದೀಪ, ಟಿಕೆಟ್ಟು, ಒಂದು ಆಂಬುಲೆನ್ಸು ಗೇಟಿನ ಹತ್ತಿರ ನಿಂತೇ ಇರುತ್ತದೆ. ಅಯ್ಯೋ, ಇದನ್ನು ಬರೆಯಬಾರದಿತ್ತು. ಅದು ಎಲ್ಲ ಪಂದ್ಯಕ್ಕೂ ಇರುತ್ತದೆ ಅಮ್ಮ, ವಾಡಿಕೆ, ಇವನಿಗೆ ಅಂತಲ್ಲ. ಗಾಯ ನೋಡುವುದಕ್ಕೆ ತರಬೇತಾದವರು ಶಾಲೆಯಲ್ಲೇ ಇದ್ದಾರೆ, ಇನ್ಶೂರೆನ್ಸ್ ಇದೆ, ಸೀಸನ್ ಶುರುವಾಗುವ ಮೊದಲು ಡಾಕ್ಟರು ಪೂರ್ತಿ ಪರೀಕ್ಷೆ ಮಾಡಿ ಬರೆದುಕೊಟ್ಟಿದ್ದಾರೆ. ಹುಡುಗ ಗುಂಡುಕಲ್ಲಿನ ಹಾಗಿದ್ದಾನೆ. ಊಟ ಚೆನ್ನಾಗಿ ಮಾಡುತ್ತಾನೆ, ನಿದ್ದೆ ಮಾಡುತ್ತಾನೆ, ಏನೂ ಯೋಚನೆ ಬೇಡ, ನಿಜವಾಗಿ ಏನೂ ಇಲ್ಲ.

ಅಪ್ಪನಿಗೆ ಆ ವಿಡಿಯೋ ನೋಡುವುದು ಬಿಡಲು ಹೇಳು. ನಿಖಿಲ ಒದೆಯುವ ವಿಡಿಯೋ ಶೈಲಕ್ಕನ ಫೋನಿಗೆ ಕಳಿಸುತ್ತೇನೆ, ಅದನ್ನು ನೋಡಲಿ. ಅಭ್ಯಾಸ ಮುಗಿಯುವ ಹೊತ್ತಾಯಿತು, ಅವನನ್ನು ಕರೆತರಲು ಹೊರಟೆ. ಭಾನುವಾರ ಫೋನ್ ಮಾಡುತ್ತೇನೆ, ಭಾವನೂ ಇರಲಿ.

ಇಂತಿ,
ರಘು