ಕರೆಯದೇ ಉಳಿದ ಓಟು: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಮೊನ್ನೆ ಫೋನಿನಲ್ಲಿ ನೀನು ಕೇಳಿದ್ದು ಇನ್ನೂ ತಲೆಯಲ್ಲೇ ಕೂತಿದೆ. "ರೋಮ್‌ನವರು ರಾಜನನ್ನು ಓಡಿಸಿ ಗಣರಾಜ್ಯ ಮಾಡಿಕೊಂಡರು, ಓಟೂ ಇತ್ತು. ಮತ್ತೆ ಬಡವರು ಯಾಕೆ ಜಗಳಕ್ಕೆ ನಿಂತರು?" ಅಂದೆಯಲ್ಲ, ಅದು.

ಓಟು ಇತ್ತು, ನಿಜ. ಎಣಿಸುತ್ತಿದ್ದ ರೀತಿ ನೋಡು. ವರ್ಷಕ್ಕೆ ಇಬ್ಬರು ಕಾನ್ಸಲ್‌ಗಳನ್ನು, ಅಂದರೆ ರಾಜನ ಜಾಗದಲ್ಲಿ ಆಳುವ ಅಧಿಕಾರಿಗಳನ್ನು, ಆರಿಸುವ ಸಭೆಯಲ್ಲಿ ಜನರನ್ನು ಆಸ್ತಿಯ ಲೆಕ್ಕದಲ್ಲಿ 193 ಗುಂಪು ಮಾಡಿದ್ದರು. ಗುಂಪಿಗೆ ಸೆಂಚುರಿ ಅಂತ ಹೆಸರು, ಗುಂಪಿಗೆ ಒಂದೇ ಓಟು. ಮೊದಮೊದಲು ಕುದುರೆ ಸವಾರರಿಗೆ 18, ಮೊದಲ ದರ್ಜೆಯ ಆಸ್ತಿವಂತರಿಗೆ 80. ಕೂಡಿದರೆ 98, ಅಲ್ಲಿಗೇ ಬಹುಮತ! ಏನೂ ಇಲ್ಲದವರು ಎಷ್ಟೇ ಸಾವಿರ ಇರಲಿ, ಎಲ್ಲರೂ ಸೇರಿ ಒಂದೇ ಸೆಂಚುರಿ. ಅವರನ್ನು ಪ್ರೊಲೆಟಾರಿ ಅನ್ನುತ್ತಿದ್ದರು, ಅಂದರೆ ರಾಜ್ಯಕ್ಕೆ ಕೊಡಲು ಮಕ್ಕಳ ಹೊರತು ಬೇರೇನೂ ಇಲ್ಲದವರು. ಅವರ ಸರದಿ ಕೊನೆಗೆ. ಮೇಲಿನವರು ಒಂದಾದರೆ ಓಟಿಂಗ್ ನಿಂತೇ ಹೋಗುತ್ತಿತ್ತು, ಇವರನ್ನು ಕರೆಯುತ್ತಲೇ ಇರಲಿಲ್ಲ.

ಓಟಿಗಿಂತ ಜಾಸ್ತಿ ಸುಟ್ಟಿದ್ದು ಸಾಲ. ಇತಿಹಾಸಕಾರ ಲಿವಿ ಒಬ್ಬ ಮುದುಕನ ವಿಷಯ ಬರೆದಿದ್ದಾನೆ. ಕ್ರಿ.ಪೂ. 495ರಲ್ಲಿ ಅವನು ಊರ ನಡುವಿನ ಚೌಕಕ್ಕೆ ಬಂದ. ಬಟ್ಟೆಯೆಲ್ಲ ಕೊಳೆ, ಮೈಯೆಲ್ಲ ಮೂಳೆ. ಜನ ಗುರುತು ಹಿಡಿದರು: ಒಂದು ಕಾಲಕ್ಕೆ ಪಡೆಯ ನಾಯಕನಾಗಿದ್ದವನು! ಅವನು ಯುದ್ಧದಲ್ಲಿದ್ದಾಗ ಶತ್ರುಗಳು ಮನೆ ಸುಟ್ಟರು, ದನಕರು ಹೊಡೆದುಕೊಂಡು ಹೋದರು. ಅದರ ಮೇಲೆ ತೆರಿಗೆ ಬಂತು. ಸಾಲ ಮಾಡಿದ, ಬಡ್ಡಿ ಬೆಳೆಯಿತು. ಅಜ್ಜನ ಕಾಲದ ಹೊಲ ಹೋಯಿತು, ಕೊನೆಗೆ ಸಾಲ ಕೊಟ್ಟವನು ಅವನನ್ನೇ ಎಳೆದೊಯ್ದ. ಎದೆಯ ಮೇಲೆ ಯುದ್ಧದ ಗಾಯ, ಬೆನ್ನ ಮೇಲೆ ಹಸಿ ಹಸಿ ಚಾಟಿಯ ಬರೆ. ಎರಡನ್ನೂ ಅವನು ಜನರಿಗೆ ತೋರಿಸಿದ.

ಮರುವರ್ಷ, 494ರಲ್ಲಿ, ಪ್ಲೆಬಿಯನ್ ಸೈನಿಕರು, ಅಂದರೆ ಹಳೆಯ ದೊಡ್ಡ ಮನೆತನಗಳಿಗೆ ಸೇರದ ಸಾಮಾನ್ಯ ಜನ, ಊರನ್ನೇ ಬಿಟ್ಟು ಹೊರಟರು. ಲೂಟಿ ಇಲ್ಲ, ರಕ್ತ ಇಲ್ಲ. ಮೂರು ಮೈಲಿ ಆಚೆ 'ಪವಿತ್ರ ಬೆಟ್ಟ'ದಲ್ಲಿ ಕಂದಕ ತೋಡಿ ಸುಮ್ನೆ ಕೂತರು. ಸೆನೆಟ್, ಅಂದರೆ ದೊಡ್ಡವರ ಸಭೆ, ಕಳಿಸಿದ ಮೆನೆನಿಯಸ್ ಅಗ್ರಿಪ್ಪ, ಹೊಟ್ಟೆಗೆ ಊಟ ಕೊಡೆವು ಅಂದ ಕೈಕಾಲು ತಾವೇ ಸೊರಗಿದ ಕತೆ ಹೇಳಿ ಒಲಿಸಿದ ಅಂತಾರೆ. ಬರೀ ಕತೆಗೆ ಅವರು ಇಳಿದು ಬಂದರು ಅನ್ನೋದನ್ನು ನಾನು ಒಪ್ಪುವುದಿಲ್ಲ. ತಮ್ಮನ್ನು ಕಾಯುವ ತಮ್ಮದೇ ಅಧಿಕಾರಿಗಳು, ಟ್ರಿಬ್ಯೂನ್‌ಗಳು, ಬೇಕು ಅಂದರು, ಪಡೆದರು, ಆಮೇಲೆ ಬಂದರು.

ಮುಂದಿನದಕ್ಕೆ ಇನ್ನೂರು ವರ್ಷ ಹಿಡಿಯಿತು. 445ರಲ್ಲಿ ಹಳೆಯ ದೊಡ್ಡ ಮನೆತನದವರಾದ ಪೆಟ್ರಿಶಿಯನ್ನರ ಜೊತೆ ಮದುವೆಗೆ ಇದ್ದ ತಡೆ ಹೋಯಿತು. 367ರಲ್ಲಿ ಕಾನ್ಸಲ್ ಹುದ್ದೆ ಸಿಕ್ಕಿತು. 326ರಲ್ಲಿ ಸಾಲಕ್ಕೆ ಜೀತ ನಿಂತಿತು ಅನ್ನುತ್ತಾನೆ ಲಿವಿ. 287ರಿಂದ ಪ್ಲೆಬಿಯನ್ನರ ಸಭೆಯ ತೀರ್ಮಾನ ಎಲ್ಲರಿಗೂ ಕಾನೂನು. ಆದರೆ ಹುದ್ದೆ ಹಿಡಿದವರು ದುಡ್ಡಿದ್ದ ಪ್ಲೆಬಿಯನ್ನರೇ. ಅವರೂ ಹಳೆಯ ಮನೆತನಗಳ ಜೊತೆ ಸೇರಿ ಹೊಸ ದೊಡ್ಡವರಾದರು. ಓದುವಾಗ ಬೇಜಾರಾಯಿತು ಕಣೋ.

ಆದರೂ ನನಗೆ ತುಂಬಾ ಇಷ್ಟವಾದ ಒಂದು ನಿಯಮ ಇದೆ. ಟ್ರಿಬ್ಯೂನ್ ಆದವನು ಮನೆಯ ಬಾಗಿಲು ಹಾಕುವಂತಿರಲಿಲ್ಲ, ರಾತ್ರಿ ಕೂಡ. ಯಾರಾದರೂ ನೆರವು ಕೇಳಿಕೊಂಡು ಓಡಿ ಬರಬಹುದು ಅಂತ. ಆ ಮುದುಕ ಚೌಕಕ್ಕೆ ಬಂದ ದಿನ, ಇಡೀ ರೋಮ್‌ನಲ್ಲಿ ಅವನಿಗೆ ಅಂಥ ಒಂದು ಬಾಗಿಲೂ ಇರಲಿಲ್ಲ.

ನಿನ್ನ ಗೆಳೆಯ