ಗೆಳೆಯನಿಗೊಂದು ಪತ್ರ: ಬಾಂಬು ಬಿಟ್ಟು ಊರು ಕಟ್ಟಿದವರ ಕಥೆ

ಪ್ರಿಯ ಗೆಳೆಯ ಸತೀಶ,

ನಿನ್ನ ಪತ್ರ ತಲುಪಿ ಹದಿನೈದು ದಿನಗಳಾದವು. ಉತ್ತರ ತಡವಾದದ್ದಕ್ಕೆ ಬೇಸರಿಸಬೇಡ. ಪಾಳೇಗಾರನ ಕೋಟೆಗೆ ಲಗ್ಗೆ ಹಾಕುವ ಕಂಪ್ಯೂಟರ್ ಆಟವೊಂದನ್ನು ಮಾಡಹೊರಟ ನೀನು, ಅದರ ಹಿನ್ನೆಲೆಯ ಊರುಗಳನ್ನು ಬಿಡಿಸಲೆಂದು ಬರೆದುಕೊಂಡ ಎಡಿಟರ್ ತಂತ್ರಾಂಶದಲ್ಲಿಯೇ ಮೂರು ತಿಂಗಳು ಕಳೆದುಬಿಟ್ಟೆನೆಂದೂ, ಏರಿ ಕಟ್ಟಿ, ತೂಬು ತೆರೆದು, ಒಂದು ಕೆರೆಯ ಕೋಡಿಯ ನೀರು ಇನ್ನೊಂದಕ್ಕೆ ಇಳಿಯುವುದನ್ನು ನೋಡುತ್ತ ಕುಳಿತರೆ ಕೋಟೆಯ ನೆನಪೇ ಆಗುವುದಿಲ್ಲವೆಂದೂ, ಇದರಿಂದ ನಿನ್ನ ಪಾಲುದಾರರು ಸಿಡುಕುತ್ತಿದ್ದಾರೆಂದೂ ಬರೆದಿದ್ದೀಯೆ. ಓದುತ್ತಿದ್ದಂತೆಯೇ ನನಗೆ ವಿಲ್ ರೈಟ್ ನೆನಪಾದರು. ಹಾಸ್ಟೆಲಿನಲ್ಲಿ ಇದ್ದೊಂದು ಕಂಪ್ಯೂಟರಿನ ಮುಂದೆ ಸರದಿ ಕಾದು ನಾವು ನಗರ ಕಟ್ಟುವ ಆಟ ‘ಸಿಮ್‌ಸಿಟಿ 3000’ ಆಡುತ್ತಿದ್ದಾಗ, ಆ ಸರಣಿಯನ್ನು ಆರಂಭಿಸಿದವರು ಯಾರೆಂದು ಇಬ್ಬರೂ ಕೇಳಿಕೊಂಡಿರಲಿಲ್ಲ.

ರೈಟ್ ಹುಟ್ಟಿದ್ದು 1960ರಲ್ಲಿ, ಅಮೆರಿಕದ ಅಟ್ಲಾಂಟಾದಲ್ಲಿ. ಒಂಬತ್ತನೆಯ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಮೂರು ಕಾಲೇಜುಗಳಲ್ಲಿ ಸುಮಾರು ಐದು ವರ್ಷ ವಾಸ್ತುಶಿಲ್ಪ, ಮೆಕ್ಯಾನಿಕಲ್ ಎಂಜಿನಿಯರಿಂಗ್, ಕಂಪ್ಯೂಟರ್, ರೋಬೋಟುಗಳೆಂದು ಸುತ್ತಾಡಿ ಯಾವುದರಲ್ಲಿಯೂ ಪದವಿ ಪಡೆಯದೆ ಹೊರಬಂದರು. (1980ರಲ್ಲಿ ನ್ಯೂಯಾರ್ಕ್ ಕಡೆಯಿಂದ ಕ್ಯಾಲಿಫೋರ್ನಿಯಾದ ಕಡಲತೀರದವರೆಗೆ ನಡೆದ, ಯಾವ ಸರ್ಕಾರವೂ ಒಪ್ಪದ ಕಾರು ಓಟವೊಂದನ್ನು 34 ಗಂಟೆಗಳೊಳಗೆ ಮುಗಿಸಿ ಗೆದ್ದವರೂ ಇವರೇ. ನಿನ್ನ ತಾಯಿಯವರಿಗೆ ಈ ಭಾಗವನ್ನು ಓದಿ ಹೇಳಬೇಡ.)

ಅವರ ಮೊದಲ ಆಟ ‘ರೇಡ್ ಆನ್ ಬಂಗೆಲಿಂಗ್ ಬೇ’ 1984ರಲ್ಲಿ ಕಮೊಡೋರ್ 64 ಎಂಬ ಮನೆಬಳಕೆಯ ಕಂಪ್ಯೂಟರಿಗೆ ಬಂದಿತು. ಪ್ರಕಟಿಸಿದ ಸಂಸ್ಥೆ ಬ್ರೋಡರ್‌ಬಂಡ್. ಆಟಗಾರನು ಹೆಲಿಕಾಪ್ಟರಿನಲ್ಲಿ ದ್ವೀಪಗಳ ಮೇಲೆ ಹಾರಿ ಕಾರ್ಖಾನೆಗಳಿಗೆ ಬಾಂಬು ಹಾಕಬೇಕು, ಅಷ್ಟೇ. ಆ ದ್ವೀಪಗಳನ್ನು ರಚಿಸಲೆಂದು ರೈಟ್ ತಮ್ಮ ಅನುಕೂಲಕ್ಕೆ ಒಂದು ಎಡಿಟರ್ ಬರೆದುಕೊಂಡಿದ್ದರು. ಆಟ ಮಾರುಕಟ್ಟೆಗೆ ಹೋದ ಮೇಲೂ ಅದರಲ್ಲಿ ರಸ್ತೆ ಎಳೆಯುವುದನ್ನು, ಕಟ್ಟಡ ಕೂರಿಸುವುದನ್ನು ಅವರು ಬಿಡಲಿಲ್ಲ. ಊರನ್ನು ಸುಡುವುದಕ್ಕಿಂತ ಕಟ್ಟುವುದರಲ್ಲಿಯೇ ತಮಗೆ ಹೆಚ್ಚು ಸುಖವಿದೆಯೆಂಬುದು ಅವರಿಗೆ ತಿಳಿದದ್ದು ಹೀಗೆ. ಜಪಾನಿನಲ್ಲಿ ನಿಂಟೆಂಡೊ ಆಟದ ಯಂತ್ರಕ್ಕೆ ಬಂದ ಅದೇ ಆಟ ಲಕ್ಷಗಟ್ಟಲೆ ಮಾರಾಟವಾದದ್ದರಿಂದ ಕೆಲವು ವರ್ಷ ಹೊಟ್ಟೆಪಾಡಿನ ಚಿಂತೆಯೂ ಇರಲಿಲ್ಲ. ನಿನಗೂ ಅವರಿಗೂ ಇರುವ ವ್ಯತ್ಯಾಸ ಇದೇ ಎಂದು ಸ್ನೇಹದ ಸಲಿಗೆಯಿಂದ ಹೇಳುತ್ತೇನೆ: ಅವರು ಬಾಂಬಿನ ಆಟವನ್ನು ಮೊದಲು ಮುಗಿಸಿ ಕೊಟ್ಟಿದ್ದರು.

ಊರು ಕಟ್ಟುವ ಕುತೂಹಲ ಅವರನ್ನು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಜೇ ಫಾರೆಸ್ಟರ್ ಅವರ ಬರಹಗಳತ್ತ ಒಯ್ದಿತು. ನಗರವೊಂದು ಏಕೆ ಬೆಳೆಯುತ್ತದೆ, ಏಕೆ ಸೊರಗುತ್ತದೆ ಎಂಬುದನ್ನು ಫಾರೆಸ್ಟರ್ ಸಮೀಕರಣಗಳಲ್ಲಿ ಹಿಡಿಯಲು ಯತ್ನಿಸಿದ್ದರು. ಆದರೆ ಆ ಲೆಕ್ಕದಲ್ಲಿ ಜನ, ಮನೆ, ಉದ್ಯೋಗಗಳ ಮೊತ್ತಗಳಿದ್ದವೇ ಹೊರತು ನಕ್ಷೆ ಇರಲಿಲ್ಲ. ರೈಟ್ ಆ ಲೆಕ್ಕವನ್ನು ಚೌಕಗಳ ಮೇಲೆ ಹರಡಿ, ಒಂದೊಂದು ಚೌಕವೂ ತನ್ನ ನೆರೆಯ ಚೌಕಗಳ ಹೊಗೆ, ವಾಹನ ಸಂಚಾರ, ನೆಲದ ಬೆಲೆಗಳನ್ನು ನೋಡಿ ತಾನೂ ಬದಲಾಗುವಂತೆ ಮಾಡಿದರು. ನಿಯಮಗಳು ಚಿಕ್ಕವು, ಅವುಗಳಿಂದ ಹುಟ್ಟುವ ಊರು ಮಾತ್ರ ಮಾಡಿದವನಿಗೇ ಆಶ್ಚರ್ಯ ಹುಟ್ಟಿಸುವಂಥದ್ದು. ತೆರಿಗೆ ಏರಿಸಿದರೆ ಜನ ಊರು ಬಿಡುತ್ತಾರೆ, ರೈಲು ಹಾಕಿದರೆ ರಸ್ತೆಯ ದಟ್ಟಣೆಯ ಕಾಟ ತಪ್ಪುತ್ತದೆ ಎಂಬಂಥ ನಂಬಿಕೆಗಳು ಆ ನಿಯಮಗಳೊಳಗೆ ಅವಿತಿದ್ದವೆಂಬ ಟೀಕೆ ಆಮೇಲೆ ಬಂದಿತು, ಮತ್ತು ಆ ಟೀಕೆ ಸರಿಯಾದುದೇ. ನಿನ್ನ ಕೆರೆಗಳಲ್ಲಿಯೂ ಮೇಲಿನ ಊರಿನವರು ಎಷ್ಟು ನೀರು ಹಿಡಿದಿಡುತ್ತಾರೆ, ನೀರುಗಂಟಿ ಯಾರ ಗದ್ದೆಗೆ ಮೊದಲು ಬಿಡುತ್ತಾನೆ ಎಂಬುದನ್ನು ನೀನು ಅರಿತೋ ಅರಿಯದೆಯೋ ತೀರ್ಮಾನಿಸಿಯೇ ಇರುತ್ತೀಯೆ. ಒಮ್ಮೆ ಕೋಡ್ ತೆರೆದು ನೋಡು.

1985ರ ಹೊತ್ತಿಗೆ ಆಟ ಬಹುಮಟ್ಟಿಗೆ ಸಿದ್ಧವಾಗಿತ್ತು. ಗೆಲುವೂ ಸೋಲೂ ಇಲ್ಲದ ಆಟವನ್ನು ಮಾರುವುದು ಹೇಗೆಂದು ಬ್ರೋಡರ್‌ಬಂಡ್ ಹಿಂಜರಿದದ್ದರಿಂದ ಅದು ಮೂಲೆ ಸೇರಿತು. ಪಿಜ್ಜಾ ಕೂಟವೊಂದರಲ್ಲಿ ಪರಿಚಯವಾದ ಜೆಫ್ ಬ್ರಾನ್ ಅದನ್ನು ಮೂಲೆಯಿಂದ ಎತ್ತಿದರು. ಇಬ್ಬರೂ ಸೇರಿ 1987ರಲ್ಲಿ ಮ್ಯಾಕ್ಸಿಸ್ ಸಂಸ್ಥೆಯನ್ನು ಸ್ಥಾಪಿಸಿದರು. 1989ರಲ್ಲಿ ‘ಸಿಮ್‌ಸಿಟಿ’ ಹೊರಬಂದಿತು, ಮತ್ತು ಅದನ್ನು ಅಂಗಡಿಗಳಿಗೆ ಹಂಚಿದ್ದು ಅದೇ ಬ್ರೋಡರ್‌ಬಂಡ್. ಈ ಕಥೆ ಹೇಳುವವರೆಲ್ಲ ರೈಟ್ ಹೆಸರನ್ನೇ ಹೇಳುತ್ತಾರೆ. ನನಗೆ ಬ್ರಾನ್ ಕೂಡ ಅಷ್ಟೇ ಮುಖ್ಯರಾಗಿ ಕಾಣುತ್ತಾರೆ, ಏಕೆಂದರೆ ಇನ್ನೊಬ್ಬರು ಬೇಡವೆಂದ ವಸ್ತುವಿನ ಮೇಲೆ ದುಡ್ಡನ್ನೂ ಹೆಸರನ್ನೂ ಪಣಕ್ಕಿಡುವುದು ಕೋಡ್ ಬರೆಯುವುದಕ್ಕಿಂತ ಸುಲಭದ ಕೆಲಸವಲ್ಲ.

ಅನಂತರ ಭೂಮಂಡಲವನ್ನೇ ಆಡಿಸುವ ‘ಸಿಮ್‌ಅರ್ತ್’, ಇರುವೆಗಳ ‘ಸಿಮ್‌ಆಂಟ್’ ಬಂದವು. 1991ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್ ಗುಡ್ಡಗಳಿಗೆ ಹತ್ತಿದ ಬೆಂಕಿ 25 ಜನರನ್ನು ಬಲಿ ತೆಗೆದುಕೊಂಡು ಸಾವಿರಾರು ಮನೆಗಳನ್ನು ಸುಟ್ಟಿತು. ರೈಟ್ ಅವರ ಮನೆಯೂ ಉಳಿಯಲಿಲ್ಲ. ಕಳೆದುಕೊಂಡ ಒಂದೊಂದು ವಸ್ತುವನ್ನೂ ಮತ್ತೆ ಕೊಳ್ಳಬೇಕಾದಾಗ, ಬದುಕಲು ನಿಜವಾಗಿ ಏನೇನು ಬೇಕು ಎಂಬ ಪ್ರಶ್ನೆ ಅವರನ್ನು ಹಿಡಿದುಕೊಂಡಿತು. ಮೊದಲು ಅವರು ಯೋಚಿಸಿದ್ದು ಮನೆ ಕಟ್ಟುವ ಆಟವನ್ನು. ಮನೆ ಚೆನ್ನಾಗಿದೆಯೋ ಇಲ್ಲವೋ ಎಂದು ಅಳೆಯಲೆಂದು ಅದರೊಳಗೆ ಓಡಾಡುವ ಪುಟ್ಟ ಮನುಷ್ಯರನ್ನು ಬಿಟ್ಟರು. ಕ್ರಮೇಣ ಮನೆಗಿಂತ ಆ ಮನುಷ್ಯರೇ ನೋಡತಕ್ಕವರಾದರು. ಎಡಿಟರಿನಲ್ಲಿ ಆದದ್ದೇ ಮತ್ತೊಮ್ಮೆ ಆಯಿತು, ನೋಡು. ಆದರೆ ಸ್ವಂತ ಸಂಸ್ಥೆಯೊಳಗೇ ಈ ‘ಬೊಂಬೆ ಮನೆ’ಯನ್ನು ಯಾರೂ ನೆಚ್ಚಲಿಲ್ಲ, ಅಡುಗೆ ಮಾಡಿ, ಕಸ ಎತ್ತಿ, ಮಲಗೇಳುವುದನ್ನು ಯಾರು ಆಟವೆಂದು ಆಡುತ್ತಾರೆ? ಹೊರಗಿನವರನ್ನು ಕರೆಸಿ ಅಭಿಪ್ರಾಯ ಕೇಳಿದಾಗಲೂ ಉತ್ತರ ನಿರಾಶಾದಾಯಕವಾಗಿಯೇ ಇತ್ತು.

ಮ್ಯಾಕ್ಸಿಸ್ 1995ರಲ್ಲಿ ಷೇರುಪೇಟೆಗೆ ಇಳಿಯಿತು. ಮೂರು ತಿಂಗಳಿಗೊಮ್ಮೆ ಲೆಕ್ಕ ಒಪ್ಪಿಸಬೇಕಾದ ಸಂಸ್ಥೆಗೆ ಹಣ್ಣಾಗುವವರೆಗೆ ಕಾಯುವ ವ್ಯವಧಾನ ಉಳಿಯಲಿಲ್ಲ. 1996ರ ‘ಸಿಮ್‌ಕಾಪ್ಟರ್’ ಅವಸರದಲ್ಲಿ ಹೊರಬಂದ ಆಟಗಳಲ್ಲೊಂದು. 1997ರಲ್ಲಿ ಎಲೆಕ್ಟ್ರಾನಿಕ್ ಆರ್ಟ್ಸ್ ಸುಮಾರು 12.5 ಕೋಟಿ ಡಾಲರ್ ಮೌಲ್ಯದ ಷೇರು ಕೊಟ್ಟು ಸಂಸ್ಥೆಯನ್ನು ಕೊಂಡುಕೊಂಡಿತು. ದೊಡ್ಡ ಕಂಪನಿ ಚಿಕ್ಕದನ್ನು ನುಂಗಿದ ಕಥೆಯೆಂದೇ ಇದನ್ನು ಎಲ್ಲರೂ ಹೇಳುವುದು. ಆದರೆ ಬೊಂಬೆ ಮನೆಗೆ ಜನ, ಹಣ, ಸಮಯ ದೊರೆತದ್ದು ಆ ಮಾರಾಟದ ಅನಂತರವೇ. ಹೊಸ ಒಡೆಯರು ಕಳುಹಿಸಿದ ಲುಕ್ ಬಾರ್ತೆಲೆ ಅದರ ಬೆನ್ನಿಗೆ ನಿಂತರು. 2000ದ ಫೆಬ್ರವರಿಯಲ್ಲಿ ಅದು ‘ದ ಸಿಮ್ಸ್’ ಆಗಿ ಹೊರಬಂದು, 2002ರ ವೇಳೆಗೆ 63 ಲಕ್ಷ ಪ್ರತಿಗಳೊಂದಿಗೆ ‘ಮಿಸ್ಟ್’ ಅನ್ನು ಹಿಂದಿಕ್ಕಿ ಅಲ್ಲಿಯವರೆಗಿನ ಕಂಪ್ಯೂಟರ್ ಆಟಗಳ ಮಾರಾಟದಲ್ಲಿ ಮೊದಲನೆಯದಾಯಿತು. ಇದರ ಇನ್ನೊಂದು ಮುಖವೂ ಇದೆ: 2015ರಲ್ಲಿ ಎಮೆರಿವಿಲ್‌ನ ಮ್ಯಾಕ್ಸಿಸ್ ಕಚೇರಿಗೆ ಬೀಗ ಹಾಕಿದ್ದೂ ಅದೇ ಒಡೆಯರು. ಆ ಹೊತ್ತಿಗೆ ರೈಟ್ ಅಲ್ಲಿಂದ ಹೊರನಡೆದು ಆರು ವರ್ಷಗಳಾಗಿದ್ದವು.

ಅವರು ಹೊರಡುವ ಮುನ್ನಿನ ದೊಡ್ಡ ಆಟ 2008ರ ‘ಸ್ಪೋರ್’. ಜೀವಕೋಶದಿಂದ ಹಿಡಿದು ನಕ್ಷತ್ರಯಾನದವರೆಗೆ ಎಲ್ಲವೂ ಅದರಲ್ಲಿತ್ತು. ಪ್ರಾಣಿಗಳನ್ನು ಜೇಡಿಮಣ್ಣಿನಂತೆ ಎಳೆದು ತಿದ್ದಿ ರೂಪಿಸುವ ಅದರ ಎಡಿಟರನ್ನು ಕೆಲವು ತಿಂಗಳು ಮೊದಲೇ ಬಿಡುಗಡೆ ಮಾಡಿದಾಗ ಜನ ಹುಚ್ಚೆದ್ದು ಆಡಿದರು; ಪೂರ್ಣ ಆಟ ಬಂದಾಗ, ಸುತ್ತ ಕಟ್ಟಿದ ಹಂತಗಳು ತೆಳುವೆನಿಸಿದವು. ಒಂದು ಪ್ರತಿಯನ್ನು ಮೂರು ಕಂಪ್ಯೂಟರುಗಳಿಗೆ ಸೀಮಿತಗೊಳಿಸಿದ ನಕಲು ತಡೆಯ ಮೇಲೆ ಎದ್ದ ಗಲಾಟೆ ಬೇರೆ. ಎಡಿಟರಿನಿಂದ ಆಟವನ್ನು ಕಂಡುಕೊಂಡವರೇ ಕೊನೆಗೆ ಎಡಿಟರಿಗೆ ಹೊರೆಯಾಗುವಂಥ ಆಟವನ್ನು ಕಟ್ಟಿದರೆಂದು ನನ್ನ ತೀರ್ಮಾನ, ನೀನು ಒಪ್ಪದಿರಬಹುದು.

ಕೋಟೆಯನ್ನು ಕೈಬಿಡು ಎಂದು ನಾನು ಹೇಳಲಾರೆ, ಏಕೆಂದರೆ ಮುಂದಿನ ಯುಗಾದಿಯವರೆಗೆ ನಿಮ್ಮ ಮೂವರ ಸಂಬಳ ನಡೆಯಬೇಕಿರುವುದು ಕೋಟೆಗೆ ಬಂದ ಮುಂಗಡದಿಂದಲೇ. ದೀಪಾವಳಿಗೆ ಊರಿಗೆ ಬರುವಾಗ ಕೆರೆಯ ಎಡಿಟರನ್ನು ಮಾತ್ರ ಲ್ಯಾಪ್‌ಟಾಪಿನಲ್ಲಿ ಹಾಕಿಕೊಂಡು ಬಾ, ಸಾಧ್ಯವಾದರೆ ನಿನ್ನ ಪಾಲುದಾರರನ್ನೂ ಕರೆದುಕೊಂಡು ಬಾ. ಅದನ್ನು ನನ್ನ ಮಗಳ ಮುಂದಿಟ್ಟು, ಏನು ಮಾಡಬೇಕೆಂದು ಅವಳಿಗೆ ಯಾರೂ ಹೇಳದೆ, ಜಗಲಿಯಲ್ಲಿ ಕುಳಿತು ಕಾಫಿ ಕುಡಿಯೋಣ; ಎಷ್ಟು ಹೊತ್ತಿಗೆ ಎದ್ದು ಬರುತ್ತಾಳೆಂದು ಗಡಿಯಾರ ನೋಡುವ ಕೆಲಸ ನಿನ್ನ ಪಾಲುದಾರರದ್ದಾಗಲಿ.

ನಿನ್ನ,
ರಾಘವ