ಥ್ಯಾಂಕ್ಸ್ ಮೈಕಿ, ಮುಲಾಜಿಲ್ದೆ ಮಾತಾಡಿದ್ದಕ್ಕೆ

ಈಗಿನ ಕಾಮೆಂಟರಿಲಿ ಯಾರು ಏನ್ ಮಾಡಿದ್ರೂ ಸೂಪರ್, ಅದ್ಭುತ ಅನ್ನೋದು ಕೇಳಿದಾಗೆಲ್ಲ ವೆಸ್ಟ್ ಇಂಡೀಸ್ ಹಳೇ ಫಾಸ್ಟ್ ಬೌಲರ್, ಆಮೇಲೆ ಕಾಮೆಂಟೇಟರ್ ಆದ ಮೈಕಲ್ ಹೋಲ್ಡಿಂಗ್ ನೆನಪಾಗ್ತಾರೆ. 2021ರ ಸೆಪ್ಟೆಂಬರಲ್ಲಿ, 67ನೇ ವಯಸ್ಸಿಗೆ ಮೈಕ್ ಕೆಳಗಿಟ್ರು. ನಮ್ಮೋರಿಗೆ ಅವರ ನೆನಪಿರೋದು ಬೇರೆ ಕಾರಣಕ್ಕೆ, 1976ರಲ್ಲಿ ಕಿಂಗ್‌ಸ್ಟನ್‌ನಲ್ಲಿ ನಮ್ಮ ವಿಶಿ (ಜಿ.ಆರ್. ವಿಶ್ವನಾಥ್) ಬೆರಳು ಮುರಿದಿದ್ದು ಇವರ ಬಾಲಿಗೇ, ಗಾಯಕ್ವಾಡ್ ಕಿವಿಗೆ ಏಟು ಬಿದ್ದಿದ್ದೂ ಇವರ ಬಾಲಿಗೇ, ಆಮೇಲೆ 1983ರ ಫೈನಲಲ್ಲಿ ಮೊಹಿಂದರ್‌ಗೆ ಎಲ್‌ಬಿ ಆಗಿ ನಮಗೆ ಕಪ್ ಕೊಟ್ಟ ಕೊನೇ ವಿಕೆಟ್ಟೂ ಇವರದ್ದೇ. ಲೆಕ್ಕ ಚುಕ್ತಾ ಬಿಡಿ!

ನನ್ನ ಋಣ ಇರೋದು ಮಾತ್ರ ಮೈಕ್ ಹಿಡಿದ ಹೋಲ್ಡಿಂಗ್‌ಗೆ. ರಿಪ್ಲೇಲಿ ನಾವು ಸ್ಟಂಪ್ ಹಾರಿದ್ದು ನೋಡ್ತಿದ್ರೆ ಅವರು ಬೌಲರ್ ಮಣಿಕಟ್ಟು ನೋಡ್ತಿದ್ರು. ಲಂಡನ್ನಿನ ಓವಲ್‌ನ ಸತ್ತ ಪಿಚ್ ಮೇಲೆ ಒಂದೇ ಟೆಸ್ಟಲ್ಲಿ 14 ವಿಕೆಟ್ ಕಿತ್ತ ಮನುಷ್ಯ, ಅದೂ ಆ ಗಡಸು ಜಮೈಕಾ ದನೀಲಿ ಹೇಳ್ತಿದ್ರೆ ಕಿವಿ ಕೊಡದೆ ಇರೋಕಾಗುತ್ತಾ?

2019ರ ವರ್ಲ್ಡ್‌ಕಪ್ಪಲ್ಲಿ ಆಸ್ಟ್ರೇಲಿಯಾದ ಸ್ಟಾರ್ಕ್ ಹಾಕಿದ ನೋಬಾಲ್ ಅಂಪೈರ್ ಕಣ್ಣಿಗೆ ಬೀಳ್ಲಿಲ್ಲ, ಬೌಲರ್ಗೆ ವಿಕೆಟ್ ಸಿಗದ ಫ್ರೀ ಹಿಟ್ ಆಗ್ಬೇಕಿದ್ದ ಮುಂದಿನ ಬಾಲಿಗೆ ವೆಸ್ಟ್ ಇಂಡೀಸಿನ ಗೇಲ್ ಔಟು. ಹೋಲ್ಡಿಂಗ್ ಲೈವಲ್ಲೇ ಜಾಡಿಸಿದ್ರು. ಅಂಪೈರ್ ತಪ್ಪು ಎತ್ತಿ ತೋರಿಸ್ಬೇಡಿ ಅಂತ ಪ್ರಸಾರದವರು ಈಮೇಲ್ ಕಳಿಸಿದ್ರೆ ಅದಕ್ಕೂ ಖಡಕ್ ಆಗಿ ಉತ್ತರ ಬರೆದ್ರು. (1980ರಲ್ಲಿ ಡುನೆಡಿನ್‌ನಲ್ಲಿ ಔಟ್ ಕೊಡ್ಲಿಲ್ಲ ಅಂತ ಸ್ಟಂಪನ್ನೇ ಒದ್ದೋರಲ್ವಾ, ಹಳೇ ಬಾಕಿ ಇತ್ತೇನೋ.) ಐಪಿಎಲ್ ಕಾಮೆಂಟರಿ ಯಾಕಿಲ್ಲ ಅಂದ್ರೆ ನಾನು ಕ್ರಿಕೆಟ್‌ಗೆ ಮಾತ್ರ ಕಾಮೆಂಟರಿ ಹೇಳೋದು ಅಂದ್ಬಿಟ್ರು. ನನಗೆ ಐಪಿಎಲ್ ಇಷ್ಟಾನೇ, ಆದ್ರೂ ಆ ಮಾತಿಗೆ ನಕ್ಕಿದ್ದೆ.

ಇಂಥ ಮನುಷ್ಯ 2010ರಲ್ಲಿ ಪಾಕಿಸ್ತಾನದ 18 ವರ್ಷದ ಬೌಲರ್ ಆಮಿರ್, ದುಡ್ಡಿಗೆ ಬೇಕಂತಲೇ ನೋಬಾಲ್ ಹಾಕಿ ಸ್ಪಾಟ್ ಫಿಕ್ಸಿಂಗಲ್ಲಿ ಸಿಕ್ಕಾಗ ಟಿವಿಲೇ ಕಣ್ಣೀರು ಹಾಕಿದ್ರು. ಆಮೇಲೆ 2020ರ ಜುಲೈ, ಸೌತಾಂಪ್ಟನ್, ಮಳೆ ಬಂದು ಆಟ ನಿಂತಿತ್ತು, ಅವತ್ತು ಜನಾಂಗೀಯ ದ್ವೇಷದ ಬಗ್ಗೆ ಮಾತಾಡ್ತಾ ಬಲ್ಬ್ ಅಂದ್ರೆ ಎಲ್ರೂ ಎಡಿಸನ್ ಅಂತಾರೆ, ಕಾರ್ಬನ್ ಫಿಲಮೆಂಟ್ ಸುಧಾರಿಸಿದ ಕಪ್ಪು ಮನುಷ್ಯ ಲೂಯಿಸ್ ಲ್ಯಾಟಿಮರ್ ಹೆಸರು ಯಾವ ಶಾಲೇಲೂ ಹೇಳ್ಕೊಡಲ್ಲ ಅಂದ್ರು. ಮಾರನೇ ದಿನ, ಅಪ್ಪ ತೀರಾ ಕಪ್ಪು ಅಂತ ಅಮ್ಮನ ತವರಿನವರು ಮಾತೇ ಬಿಟ್ಟಿದ್ರು ಅನ್ನೋವಾಗ ಅಳು ತಡೆಯಕ್ಕಾಗ್ಲಿಲ್ಲ ಅವರಿಗೆ. ಬಣ್ಣ ನೋಡಿ ಸಂಬಂಧ ಬೇಡ ಅನ್ನೋದು ನಮಗೇನು ಹೊಸದಾ, ಆದ್ರೆ ಒಬ್ಬ ಕ್ರಿಕೆಟ್ ಕಾಮೆಂಟೇಟರ್ ಟಿವಿಲಿ ಅದನ್ನ ಹೇಳಿದ್ದು ನಾನಂತೂ ಅದಕ್ಕೆ ಮುಂಚೆ ಕೇಳಿರ್ಲಿಲ್ಲ. ಅದೊಂದಕ್ಕೆ ದೊಡ್ಡ ಥ್ಯಾಂಕ್ಸ್ ಮೈಕಿ.